ಪಡೆದವರ ಸಹಿ

ಪಾಳಿಯ ಚಾರ್ಜ್ ಕೊಟ್ಟವನು ನಿಲ್ಲಬಾರದು. ನಗರಕ್ಕೆ ನೀರೆತ್ತುವ ಪಂಪ್‌ಹೌಸಿನಲ್ಲಿ ಗೋಡೆಯ ಮೇಲೆ ಬರೆದಿರದಿದ್ದರೂ ಎಲ್ಲರೂ ಪಾಲಿಸುತ್ತಿದ್ದ ನಿಯಮ ಅದು. ಹಿಂದೊಮ್ಮೆ ಪಾಳಿ ಬದಲಾಗುವ ಹೊತ್ತಿನಲ್ಲಿ ಇಬ್ಬರು ನೌಕರರು ಹರಟೆಗೆ ಕೂತಿದ್ದರು. ಮೀಟರನ್ನು ಅವನು ನೋಡುತ್ತಾನೆಂದು ಇವನು, ಇವನು ನೋಡುತ್ತಾನೆಂದು ಅವನು. ಟ್ಯಾಂಕು ತುಂಬಿ ಹರಿದು ಕೆಳಗಿನ ಎರಡು ಬೀದಿಗಳ ಮನೆಗಳಿಗೆ ನೀರು ನುಗ್ಗಿತು. ಆಗಿನ ಎಂಜಿನಿಯರು ಒಂದು ಕ್ರಮ ತಂದರು. ಹೋಗುವವನು ನೀರಿನ ಮಟ್ಟ, ಓಡುತ್ತಿರುವ ಪಂಪು, ಬಾಕಿ ಕೆಲಸ, ಇಷ್ಟನ್ನು ಬಾಯಿಬಿಟ್ಟು ಹೇಳಬೇಕು. ಬಂದವನು ಅದನ್ನೇ ತಿರುಗಿ ಹೇಳಿ, ರಿಜಿಸ್ಟರಿನ ‘ಪಡೆದವರು’ ಎಂಬ ಕಾಲಮ್ಮಿನಲ್ಲಿ ಸಹಿ ಹಾಕಬೇಕು. ಸಹಿ ಬೀಳುವ ತನಕ ಹೋಗುವವನು ಜಾಗ ಬಿಡುವಂತಿಲ್ಲ. ಬಿದ್ದ ಮೇಲೆ ಅರೆಗಳಿಗೆಯೂ ನಿಲ್ಲುವಂತಿಲ್ಲ. ಬಂದವನು ಬೀಳ್ಕೊಡುತ್ತ ನಿಲ್ಲದೆ ನೇರ ಮೀಟರಿನತ್ತ ತಿರುಗಬೇಕು. ಬಾಕಿ ಕೆಲಸವನ್ನು, ಅದು ಮುಗಿಯುವ ತನಕ, ಪ್ರತಿ ಪಾಳಿಯವನೂ ಹೊಸ ಸಾಲಿಗೆ ಇಳಿಸಬೇಕು. ಎರಡನೇ ಪಂಪಿನ ಸೋರಿಕೆ ಹೀಗೆ ಹನ್ನೊಂದು ತಿಂಗಳು ಸಾಲಿನಿಂದ ಸಾಲಿಗೆ ಇಳಿದಿತ್ತು.

ಈ ಕ್ರಮವನ್ನು ಇಪ್ಪತ್ತಾರು ವರ್ಷ ಚಾಚೂ ತಪ್ಪದೆ ನಡೆಸಿದವರು ಇಬ್ಬರು. ಉಗ್ರಾಣದವನು ಅವರಿಗೆ ಹಗಲಣ್ಣ, ರಾತ್ರಿಯಣ್ಣ ಎಂದು ಹೆಸರಿಟ್ಟಿದ್ದ. ಕೊನೆಗೆ ಸಂಬಳದ ಗುಮಾಸ್ತನೂ ಅವರನ್ನು ಹಾಗೇ ಕರೆಯುತ್ತಿದ್ದ. ಉಳಿದವರ ಪಾಳಿ ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಇವರಿಬ್ಬರದು ಮಾತ್ರ ಕೇಳಿ ಪಡೆದ ಕಾಯಂ ಪಾಳಿ. ಹಗಲಣ್ಣನಿಗೆ ರಾತ್ರಿ ಒಂಬತ್ತಾದರೆ ಕಣ್ಣು ತೆರೆದಿಡಲು ಸಾಧ್ಯವಿರಲಿಲ್ಲ. ರಾತ್ರಿಯಣ್ಣನ ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿಯ ನರ್ಸು. ಇಬ್ಬರೂ ಹಗಲು ಮನೆಯಲ್ಲಿರಬಹುದೆಂದು ಅವನು ರಾತ್ರಿಯನ್ನೇ ಬೇಡಿ ತೆಗೆದುಕೊಂಡಿದ್ದ. ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಪಾಳಿ ಬದಲಿಸಿಕೊಳ್ಳಲು ಅವನಿಗೆ ಕಾರಣ ಹೊಳೆಯಲಿಲ್ಲ.

ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಪಾಳಿ ಬದಲು. ಸಹಿಗೆ ಮುಂಚೆ ಮಾತಾಡಲು ಯಾವ ಅಡ್ಡಿಯೂ ಇರಲಿಲ್ಲವಾದ್ದರಿಂದ ಬರುವವನು ಹತ್ತು ನಿಮಿಷ ಮೊದಲೇ ಬರುತ್ತಿದ್ದ. ಆ ಹತ್ತು ನಿಮಿಷದಲ್ಲಿ ಲೋಕದ ಸುದ್ದಿಯೆಲ್ಲ ಮುಗಿಯುತ್ತಿತ್ತು. ಹೆಂಡತಿಯ ಕಾಯಿಲೆಯ ಸುದ್ದಿಯನ್ನು ರಾತ್ರಿಯಣ್ಣ ಮೊದಲು ಹೇಳಿದ್ದು ಆ ಹತ್ತು ನಿಮಿಷದಲ್ಲೇ. ಹಗಲಣ್ಣ ಅವನ ಭುಜ ಒತ್ತಿ, ಸಹಿ ಹಾಕಿ, ಮೀಟರಿನತ್ತ ತಿರುಗಿದ್ದ. ನಿವೃತ್ತಿ ಹತ್ತಿರವಾದಾಗ ರಾತ್ರಿಯಣ್ಣ ಒಮ್ಮೆ ಲೆಕ್ಕ ಹಾಕಿ ನೋಡಿದ. ದಿನಕ್ಕೆ ಇಪ್ಪತ್ತು ನಿಮಿಷ, ವರ್ಷಕ್ಕೆ ಮುನ್ನೂರು ದಿನ, ಇಪ್ಪತ್ತಾರು ವರ್ಷ. ಒಟ್ಟು ಎರಡು ಸಾವಿರದ ಆರುನೂರು ಗಂಟೆ. ನೂರೆಂಟು ದಿನಕ್ಕೆ ಸ್ವಲ್ಪ ಹೆಚ್ಚು. ಹೆಂಡತಿಯನ್ನು ಬಿಟ್ಟರೆ ಬದುಕಿನಲ್ಲಿ ಅವನು ಇಷ್ಟು ಮಾತಾಡಿದ್ದು ಬೇರೆ ಯಾರೊಂದಿಗೂ ಅಲ್ಲ.

ಪಂಪ್‌ಹೌಸನ್ನು ದೂರದ ಕಂಪ್ಯೂಟರಿಗೆ ಒಪ್ಪಿಸಿದ ತಿಂಗಳೇ ಇಬ್ಬರೂ ನಿವೃತ್ತರಾದರು. ಗೋಡೆಯ ಮೇಲೆ ವರ್ಷಾನುಗಟ್ಟಲೆಯಿಂದ ಒಂದು ಹಳೆಯ ಕ್ಯಾಲೆಂಡರ್ ಇತ್ತು: ಉತ್ತರದ ಕಾಡು, ನೀಲಿ ಸರೋವರ, ಅದರಾಚೆ ಹಿಮ ಹೊದ್ದ ಗುಡ್ಡ. ಒಬ್ಬ ಅದನ್ನು ಹಗಲೆಲ್ಲ ನೋಡಿದ್ದ, ಇನ್ನೊಬ್ಬ ರಾತ್ರಿಯೆಲ್ಲ. “ಅದೇನಿದೆಯೋ ಒಂದ್ಸಲ ನೋಡ್ಕೊಂಡೇ ಬರೋಣ ಬಾರಯ್ಯ,” ಎಂದು ಹಗಲಣ್ಣ ಹೇಳಿದಾಗ ರಾತ್ರಿಯಣ್ಣ ತಕ್ಷಣ ಒಪ್ಪಿದ. ಏಳು ದಿನದ ಪ್ರವಾಸ. ಏಳನೆಯ ದಿನ ಉತ್ತರದ ಜಂಕ್ಷನ್ನಿನಿಂದಲೇ ಹಗಲಣ್ಣ ಬೇರೆ ರೈಲು ಹತ್ತಿ ದೂರದಲ್ಲಿದ್ದ ಅಕ್ಕನ ಊರಿಗೆ ಹೋಗುವವನಿದ್ದ. ಮದುವೆಯಾಗದ ಅವನು ಇಷ್ಟು ವರ್ಷ ಇದ್ದದ್ದು ಪಂಪ್‌ಹೌಸಿನ ಹಿಂದಿನ ಬಾಡಿಗೆ ಕೋಣೆಯಲ್ಲಿ. ಅದನ್ನು ಖಾಲಿ ಮಾಡಿ, ಒಂದು ಮಂಚ, ಎರಡು ಪೆಟ್ಟಿಗೆಯನ್ನು ಲಾರಿಗೆ ಹಾಕಿ ಕಳಿಸಿಯೂ ಆಗಿತ್ತು.

ಪ್ರವಾಸಕ್ಕೆ ಎರಡು ವಾರ ಮುಂಚೆ ರಾತ್ರಿಯಣ್ಣ ತನ್ನ ಮನೆಯ ಮಹಡಿ ಕೋಣೆಗೆ ಸುಣ್ಣ ಹೊಡೆಸಿದ್ದ. ಬಾಡಿಗೆಗಿದ್ದವರು ಬಿಟ್ಟುಹೋಗಿ ವರ್ಷವಾಗಿತ್ತು. ಹೊಸ ಬೀಗ, ಕಿಟಕಿಗೆ ಪರದೆ. “ಮಹಡಿ ಕೋಣೆ ಖಾಲಿ ಇದೆ, ಅಲ್ಲೇ ಇದ್ದುಬಿಡು,” ಎಂದು ಸ್ನೇಹಿತನಿಗೆ ಹೇಳಬೇಕಿತ್ತು. ಅಷ್ಟೇ ಮಾತು. ಹೇಳಲು ಏಳು ದಿನ ಕೈಯಲ್ಲಿತ್ತು.

ರೈಲಿನಲ್ಲಿ ಕೂತ ಮೊದಲ ಹತ್ತು ನಿಮಿಷ ಚೆನ್ನಾಗಿ ಕಳೆಯಿತು. ಆಮೇಲೆ ಇಬ್ಬರೂ ಕಿಟಕಿಯಾಚೆ ನೋಡಿದರು. ರಾತ್ರಿಯಣ್ಣ ಚೀಲದಿಂದ ರಿಜಿಸ್ಟರು ತೆಗೆದ. ಪಂಪ್‌ಹೌಸಿನ ಕೊನೆಯ ರಿಜಿಸ್ಟರು ಅದು; ಅರ್ಧ ಖಾಲಿ, ಎಸೆದುಬಿಡಿ ಎಂದು ಕಚೇರಿಯವರು ಹೇಳಿದ್ದರು.

“ಅಯ್ಯೋ, ಇದನ್ನ ಯಾಕೆ ಹೊತ್ತು ತಂದ್ಯೋ?” ಹಗಲಣ್ಣ ನಕ್ಕ.

“ಕಾಡಿಗೆ ಹೋಗ್ತಿದೀವಿ. ಯಾರು ಯಾವಾಗ ಕಾವಲು ಅಂತ ಲೆಕ್ಕ ಬೇಡ್ವಾ?”

“ಮಟ್ಟ ಎಷ್ಟು ಅಂತ ಬರೀತೀಯ? ಫ್ಲಾಸ್ಕಲ್ಲಿರೋ ಚಹಾದ್ದಾ?”

“ಅದೂ ಮಟ್ಟವೇ ತಾನೆ,” ಎಂದು ರಾತ್ರಿಯಣ್ಣ ಬರೆದೇಬಿಟ್ಟ: ಚಹಾ, ಮುಕ್ಕಾಲು. ಹಗಲಣ್ಣ ಗಂಭೀರವಾಗಿ ತಿರುಗಿ ಹೇಳಿ ಸಹಿ ಹಾಕಿದ. ಎದುರಿನ ಸೀಟಿನ ಹೆಂಗಸು ಇಬ್ಬರನ್ನೂ ಒಮ್ಮೆ ನೋಡಿ ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಸರೋವರ ಕ್ಯಾಲೆಂಡರಿನಲ್ಲಿದ್ದಷ್ಟು ನೀಲಿಯಾಗಿರಲಿಲ್ಲ. ಅದಕ್ಕಿಂತ ಬಹಳ ದೊಡ್ಡದಿತ್ತು. ಸುತ್ತ ಕಾಲುದಾರಿ, ದಾರಿಯಲ್ಲಿ ಅರಣ್ಯ ಇಲಾಖೆಯ ನಾಲ್ಕು ಮರದ ಮನೆಗಳು. ಉಸ್ತುವಾರಿಗೆ ಒಬ್ಬ ಕಾವಲುಗಾರ್ತಿ, ಓಡಾಡಲು ಅವಳಿಗೊಂದು ಮೋಟಾರು ದೋಣಿ. ಮೊದಲ ಮನೆಯ ಬೀಗ ತೆಗೆದುಕೊಡುತ್ತ ಅವಳು ಇಬ್ಬರನ್ನೂ ಅಡಿಯಿಂದ ಮುಡಿವರೆಗೆ ಅಳೆದಳು.

“ಅಣ್ಣತಮ್ಮಂದಿರಾ?”

“ಅಲ್ಲ,” ಎಂದ ರಾತ್ರಿಯಣ್ಣ. “ಸ್ನೇಹಿತರು.”

“ದಾರಿ ತಪ್ಪಿದ್ರೆ ಹುಡುಕ್ಕೊಂಡು ಅಲೆಯೋಕೆ ಹೋಗ್ಬೇಡಿ. ಎಲ್ಲಿದ್ದೀರೋ ಅಲ್ಲೇ ಕೂತಿರಿ. ಕೂತವರನ್ನ ಹುಡುಕೋದು ಸುಲಭ, ಓಡಾಡೋರನ್ನ ಹುಡುಕೋಕೆ ನನ್ನ ಕೈಲಾಗಲ್ಲ.”

“ನಮಗೆ ಕೂತೇ ಅಭ್ಯಾಸ, ತಾಯಿ,” ಎಂದ ಹಗಲಣ್ಣ.

ಅಷ್ಟು ದೂರದ ಉತ್ತರದಲ್ಲಿ ಬೇಸಿಗೆಯ ಆ ತಿಂಗಳು ರಾತ್ರಿಯೂ ಪೂರ್ತಿ ಕತ್ತಲಾಗುತ್ತಿರಲಿಲ್ಲ. ಹಗಲಣ್ಣ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ ಒಂಬತ್ತಕ್ಕೆ ಮುಖದ ಮೇಲೆ ಟವೆಲು ಹಾಕಿಕೊಂಡು ಗೊರಕೆ ಹೊಡೆದ. ರಾತ್ರಿಯಣ್ಣನಿಗೆ ಕಣ್ಣು ಮುಚ್ಚಲಿಲ್ಲ. ಮೆಟ್ಟಿಲ ಮೇಲೆ ಕೂತು ಬೂದು ಬೆಳಕಿನಲ್ಲಿ ನೀರು ನೋಡಿದ. ಬೆಳಿಗ್ಗೆ ಆರಕ್ಕೆ ಹಗಲಣ್ಣ ಎದ್ದುಬಂದಾಗ ಹತ್ತು ನಿಮಿಷ ಮಾತು, ಸಹಿ, ಆಮೇಲೆ ಇವನು ಹೋಗಿ ಮಲಗಿದ. ಹನ್ನೊಂದಕ್ಕೆ ಎದ್ದಾಗ ಹಗಲಣ್ಣ ಒಬ್ಬನೇ ಒಂದು ಸುತ್ತು ತಿರುಗಿ ಬಂದಾಗಿತ್ತು.

“ಜಿಂಕೆ ಬಂದಿತ್ತು, ಕೊಂಬು ಈ ಬಾಗಿಲಷ್ಟಗಲ.”

“ಎಬ್ಬಿಸಬಾರದಿತ್ತಾ?”

“ನೀನು ಮಲಗಿದ್ಯಲ್ಲ. ಹಗಲು ನಿನ್ನನ್ನ ಎಬ್ಬಿಸೋದುಂಟಾ?”

ನಾಲ್ಕು ದಿನ ಹೀಗೇ ಹೋಯಿತು. ನಡೆಯುವಾಗ ನಕ್ಷೆ ಹಿಡಿದವನು ಮುಂದೆ, ಇನ್ನೊಬ್ಬ ಹಿಂದೆ. ಅರ್ಧ ದಾರಿಯಲ್ಲಿ ನಕ್ಷೆ ಕೈ ಬದಲಾಗುತ್ತಿತ್ತು. ಎರಡನೆಯ ಮನೆಯ ಅಂಗಳದಲ್ಲಿ ಬೂಟು ಒಣಗಿಸುತ್ತ ರಾತ್ರಿಯಣ್ಣ ಮಾತಿಗೆ ತೊಡಗಿದ್ದ.

“ನಿಮ್ಮಕ್ಕನ ಊರಲ್ಲಿ ನಿನಗೆ ಯಾರು ಗೊತ್ತು?”

“ಅಕ್ಕ ಗೊತ್ತು.”

“ಅಲ್ಲ, ಅವಳನ್ನ ಬಿಟ್ಟು.”

“ಯಾರೂ ಇಲ್ಲ. ಯಾಕೆ?”

“ಸುಮ್ನೆ ಕೇಳಿದೆ.”

ಹಗಲಣ್ಣ ಬೂಟು ತಿರುಗಿಸಿಟ್ಟ. ಮಾತು ಅಲ್ಲೇ ನಿಂತಿತು. ಮಾತು ನಿಂತರೆ ಮುಂದೇನು ಮಾಡಬೇಕೆಂದು ಇಬ್ಬರಿಗೂ ತಿಳಿದಿರಲಿಲ್ಲ. ಪಂಪ್‌ಹೌಸಿನಲ್ಲಾದರೆ ಒಬ್ಬ ಸಹಿ ಹಾಕುತ್ತಿದ್ದ, ಇನ್ನೊಬ್ಬ ಹೊರಡುತ್ತಿದ್ದ.

ಐದನೆಯ ದಿನ ನಾಲ್ಕನೆಯ ಮನೆಗೆ ಹೋಗಬೇಕಿತ್ತು. ಒಂಬತ್ತು ಕಿಲೋಮೀಟರು, ಮಧ್ಯೆ ಜೌಗು, ಬೇಗ ಹೊರಡಿ ಎಂದು ಕಾವಲುಗಾರ್ತಿ ಹೇಳಿದ್ದಳು. ಏಳಕ್ಕೇ ಹೊರಟರು. ರಾತ್ರಿಯೆಲ್ಲ ಎದ್ದಿದ್ದ ರಾತ್ರಿಯಣ್ಣ ನಕ್ಷೆ ಹಿಡಿದು ಮುಂದೆ ನಡೆದ. ನಿದ್ದೆ ಕಣ್ಣಲ್ಲಿ ಗೂಡು ಕಟ್ಟಿತ್ತು. ಹತ್ತೂವರೆಗೆ ದಾರಿ ಕವಲೊಡೆಯುವ ಕಡೆ ಯಾರೋ ಪೇರಿಸಿದ್ದ ಕಲ್ಲುಗುಪ್ಪೆ ಸಿಕ್ಕಿತು. ಇಬ್ಬರೂ ನಿಂತರು. ರಿಜಿಸ್ಟರು ಹೊರಬಂತು.

“ಸರೋವರ ಎಡಕ್ಕೆ. ಮೋಡ ಗುಡ್ಡದ ಅರ್ಧಕ್ಕಿಳಿದಿದೆ. ಉಳಿದ ದಾರಿ ನಾಲ್ಕೂವರೆ ಕಿಲೋಮೀಟರು. ಬಾಕಿ ಏನಿಲ್ಲ.”

“ಸರೋವರ ಎಡಕ್ಕೆ. ಮೋಡ ಅರ್ಧ ಗುಡ್ಡ. ನಾಲ್ಕೂವರೆ. ಬಾಕಿ ಇಲ್ಲ.” ಹಗಲಣ್ಣ ಸಹಿ ಹಾಕಿ, ರಿಜಿಸ್ಟರು ಹಿಂದಿರುಗಿಸಿ, ನಕ್ಷೆಯ ಮೇಲೆ ಬಗ್ಗಿದ.

ರಾತ್ರಿಯಣ್ಣ ಚೀಲ ಹೆಗಲಿಗೇರಿಸಿ ಹೊರಟ.

ಹೊರಟದ್ದು ಬಂದ ದಾರಿಯಲ್ಲೇ. ಚಾರ್ಜ್ ಕೊಟ್ಟಾಗಿತ್ತು, ಸಹಿ ಬಿದ್ದಿತ್ತು, ಇನ್ನು ಮನೆಗೆ ಹೋಗಿ ಮಲಗುವುದು. ಕಾಲುಗಳಿಗೆ ಗೊತ್ತಿದ್ದದ್ದು ಅಷ್ಟೆ. ಹಿಂದೆ ಹೆಜ್ಜೆ ಸದ್ದು ಕೇಳಲಿಲ್ಲ. ಪಂಪ್‌ಹೌಸಿನಿಂದ ಹೊರಟ ಯಾವ ದಿನವೂ ಕೇಳಿದ್ದಿಲ್ಲವಾದ್ದರಿಂದ ಅದು ವಿಚಿತ್ರವೆನಿಸಲಿಲ್ಲ. ಬೆಳಿಗ್ಗೆ ದಾಟಿದ್ದ ಮರದ ಸೇತುವೆ ಎದುರಿಗೆ ಕಂಡಾಗಲೇ ಅವನು ನಿಂತದ್ದು. ಗಡಿಯಾರ ನೋಡಿದ. ಹನ್ನೊಂದು ಕಾಲು. ಮುಕ್ಕಾಲು ಗಂಟೆ ಅವನು ಸ್ನೇಹಿತನಿಲ್ಲದೆ ನಡೆದಿದ್ದ, ಮತ್ತು ಅದು ಅವನ ಗಮನಕ್ಕೆ ಬಂದಿರಲಿಲ್ಲ.

ಬಂದಷ್ಟೇ ವೇಗದಲ್ಲಿ ಹಿಂದಿರುಗಿದ. ಕಲ್ಲುಗುಪ್ಪೆಯ ಬಳಿ ಯಾರೂ ಇರಲಿಲ್ಲ. ಮೋಡ ದಾರಿಯವರೆಗೆ ಇಳಿದು ಎರಡು ಕವಲುಗಳೂ ಹತ್ತು ಮಾರಿನಾಚೆ ಬಿಳಿಯಲ್ಲಿ ಮುಗಿದಿದ್ದವು. ನಕ್ಷೆ ಅವನ ಬಳಿ ಇಲ್ಲ. ಕೂಗಬೇಕೆಂದು ಬಾಯಿ ತೆರೆದ. ಹೆಸರು ಹಿಡಿದು ಕೂಗಬೇಕು. ಇಪ್ಪತ್ತಾರು ವರ್ಷದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವ ಸಂದರ್ಭವೇ ಬಂದಿರಲಿಲ್ಲ. ಅವನು ಇರುತ್ತಿದ್ದ, ಇಲ್ಲವೇ ಬರುತ್ತಿದ್ದ. ಎರಡು ಸಲ ಕೂಗಿದ. ಹೆಸರು ಬೇರೆ ಯಾರದ್ದೋ ಅನ್ನಿಸಿ ಸುಮ್ಮನಾದ.

ಕಾವಲುಗಾರ್ತಿಯ ಮಾತು ನೆನಪಾಗಿ ಅಲ್ಲೇ ಕೂತ. ಒಂದು ಗಂಟೆಗೆ ಬ್ರೆಡ್ಡು ತಿಂದ. ಎರಡಕ್ಕೆ ಇದ್ದ ಬಟ್ಟೆಯನ್ನೆಲ್ಲ ಮೈಮೇಲೆ ಹಾಕಿಕೊಂಡ. ಸದ್ದೆಂದರೆ ಸೂಜಿಯೆಲೆಗಳಿಂದ ಹನಿ ಬೀಳುವುದು, ಎಲ್ಲೋ ನೀರಿನಲ್ಲಿ ಒಂದು ಹಕ್ಕಿ. ಅವನು ಒಬ್ಬನೇ ಕೂತು ಕಳೆದ ರಾತ್ರಿಗಳು ಏಳು ಸಾವಿರಕ್ಕೂ ಮೇಲೆ. ಆದರೆ ಅಷ್ಟೂ ರಾತ್ರಿಗಳ ತುದಿಯಲ್ಲಿ ಆರು ಗಂಟೆಯೆಂಬುದೊಂದು ಇತ್ತು, ಬಾಗಿಲಲ್ಲಿ ಚಪ್ಪಲಿ ಸದ್ದು ಇತ್ತು. ಈಗ ಯಾರು ಎಷ್ಟು ಹೊತ್ತಿಗೆ ಬರುತ್ತಾರೆಂಬುದು ಎಲ್ಲಿಯೂ ಬರೆದಿರಲಿಲ್ಲ.

ಮೂರೂವರೆಗೆ ರಿಜಿಸ್ಟರು ತೆಗೆದ. ಚಳಿಗೆ ಬೆರಳು ಮರಗಟ್ಟಿ ಅಕ್ಷರ ಸೊಟ್ಟಗಾಯಿತು. ‘ಬಾಕಿ’ ಎಂಬಲ್ಲಿ ಬರೆದ: ನನ್ನ ಮನೆಯ ಮಹಡಿ ಕೋಣೆ ಖಾಲಿ ಇದೆ. ಸುಣ್ಣ ಹೊಡೆಸಿದ್ದೇನೆ. ಅಕ್ಕನ ಊರಿಗೆ ಹೋಗದೆ ನೀನು ಅಲ್ಲಿಗೆ ಬರಬೇಕು. ‘ಕೊಟ್ಟವರು’ ಎಂಬಲ್ಲಿ ಸಹಿ ಹಾಕಿ ವೇಳೆ ನಮೂದಿಸಿದ.

ಅವರು ಬಂದದ್ದು ಏಳು ಗಂಟೆಗೆ. ಮೊದಲು ದೋಣಿಯ ಸದ್ದು, ಆಮೇಲೆ ಸೀಟಿ, ಆಮೇಲೆ ಕಾವಲುಗಾರ್ತಿಯ ಕೆಂಪು ಕೋಟು, ಅದರ ಹಿಂದೆ ಹಗಲಣ್ಣ.

“ಕೂತಿದ್ದೀರಲ್ಲ, ಪುಣ್ಯಾತ್ಮರು,” ಎಂದಳು ಕಾವಲುಗಾರ್ತಿ. ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿ ಚಹಾ ಬಗ್ಗಿಸಿ ಅವನ ಕೈಗಿಟ್ಟಳು. “ನಿಮ್ಮ ಸ್ನೇಹಿತರ ಸಮಾಚಾರ ಕೇಳಿ. ಎರಡು ಗಂಟೆಗೆ ನಾನು ಹೋದಾಗ ಮನೆ ಮುಂದೆ ಒಬ್ಬರೇ ಬೂಟು ಬಿಚ್ಚಿಟ್ಟು ಹಾಯಾಗಿ ಕೂತಿದ್ರು. ಇನ್ನೊಬ್ಬರೆಲ್ಲಿ ಅಂದೆ. ‘ಅವನಾ, ಮನೆಗೆ ಹೋದ’ ಅಂದ್ರು. ನಾನು ನಂಬಿಬಿಟ್ಟೆ ನೋಡಿ. ಜಗಳ ಆಡ್ಕೊಂಡು ಒಬ್ಬರು ವಾಪಸ್ಸು ಹೋಗೋದು ಇಲ್ಲಿ ಮಾಮೂಲು. ಆರಾದ ಮೇಲೆ ದಡಕ್ಕೆ ಓಡಿ ಬಂದು ನನ್ನ ದೋಣಿ ಕರೆದ್ರು.”

ಹಗಲಣ್ಣ ನೆಲ ನೋಡುತ್ತಿದ್ದ. “ಆರು ಗಂಟೆಗೆ ಚಾರ್ಜ್ ಕೊಡೋಣ ಅಂತ ತಿರುಗಿದೆ,” ಎಂದ. “ತಗೊಳ್ಳೋಕೆ ನೀನಿಲ್ಲ.”

“ಅಲ್ಲೀತನಕ?”

“ಅಲ್ಲೀತನಕ…” ಅವನು ಸುಳ್ಳು ಹೇಳಬಹುದಿತ್ತು. ಅವನ ಜಾಯಮಾನದಲ್ಲಿ ಅದಿರಲಿಲ್ಲ; ಮೀಟರು ತೋರಿಸಿದ್ದನ್ನೇ ಬರೆದು ರೂಢಿಯಾದವನು. “ಹಗಲು ಹೊತ್ತಲ್ವಾ. ನೀನು ಎಲ್ಲೋ ಮಲಗಿದೀಯ ಅಂತಲೇ ಇದ್ದೆ.”

ರಾತ್ರಿಯಣ್ಣ ಚಹಾ ಕುಡಿದು ಮುಗಿಸಿದ. ಹಗಲಣ್ಣನದು ಏಳೂವರೆ ಗಂಟೆ, ಎಂದು ಅವನ ತಲೆ ತಾನಾಗಿ ಕಳೆದು ಕೂಡಿ ಹೇಳಿತು. ತನ್ನದು ಮುಕ್ಕಾಲು ಗಂಟೆ. ಸಿಟ್ಟು ಬರುತ್ತದೇನೋ ಎಂದು ಕಾದ, ಬರಲಿಲ್ಲ. ರಿಜಿಸ್ಟರು ತೆರೆದು ಸ್ನೇಹಿತನ ಮುಂದೆ ಹಿಡಿದ.

ಹಗಲಣ್ಣ ಓದಿದ. ಮತ್ತೊಮ್ಮೆ ಓದಿದ. ಪೆನ್ನು ತೆಗೆದು ‘ಪಡೆದವರು’ ಎಂಬಲ್ಲಿ ಸಹಿ ಹಾಕಿದ. ಕಾವಲುಗಾರ್ತಿ ಇಬ್ಬರನ್ನೂ ನೋಡಿ, “ನೀವು ಆಫೀಸು ಆಮೇಲೆ ನಡೆಸಿ, ಮೊದಲು ದೋಣಿ ಹತ್ತಿ,” ಎಂದಳು.

ಉತ್ತರ ಬಂದದ್ದು ಮರುದಿನ ಮಧ್ಯಾಹ್ನ, ದೋಣಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಗ.

“ಓದಿದೆ,” ಎಂದ ಹಗಲಣ್ಣ.

“ಗೊತ್ತು. ಸಹಿ ಇದೆಯಲ್ಲ.”

“ಅಮ್ಮ ಹೋದಾಗ ನನಗೆ ಐದು ವರ್ಷ. ಅಕ್ಕನೇ ಸಾಕಿದ್ದು. ಭಾವ ಹೋದ ಮೇಲೆ ಅವಳು ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಈ ಸಲ ಕೇಳಿದಾಳೆ.” ನೀರಿಗೆ ಒಂದು ಕಲ್ಲು ಹಾಕಿದ. “ಅದೊಂದೇ ಅಲ್ಲ ಬಿಡು. ನಿನ್ನೆ ಆಗಿದ್ದು ನೋಡಿದ್ಯಲ್ಲ. ನಾನು ಮಹಡೀಲಿದ್ರೆ ನೀನು ಕೆಳಗೆ ಹಗಲೆಲ್ಲ ಮಲಗ್ತೀಯ. ನೀನು ಎದ್ದಾಗ ನಾನು ಮಲಗ್ತೀನಿ. ಒಬ್ಬರ ತಲೆ ಮೇಲೆ ಇನ್ನೊಬ್ಬರು ಓಡಾಡೋ ಸದ್ದು ಕೇಳ್ಕೊಂಡು ಇರ್ತೀವಿ.”

“ಅಷ್ಟು ಸಾಕಾಗಿತ್ತು ನನಗೆ,” ಎಂದ ರಾತ್ರಿಯಣ್ಣ.

ಹಗಲಣ್ಣ ಅವನ ಭುಜ ಒತ್ತಿದ. ಹೆಂಡತಿಯ ಕಾಯಿಲೆಯ ಸುದ್ದಿ ಕೇಳಿದ ದಿನ ಒತ್ತಿದ ಅದೇ ಜಾಗ.

ಏಳನೆಯ ದಿನ ಜಂಕ್ಷನ್ನಿನಲ್ಲಿ ಹಗಲಣ್ಣನ ರೈಲು ಸಂಜೆ ಆರು ಹತ್ತಕ್ಕಿತ್ತು, ರಾತ್ರಿಯಣ್ಣನದು ಎಂಟಕ್ಕೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಹಗಲಣ್ಣ ತಾನಾಗಿ ರಿಜಿಸ್ಟರು ಕೇಳಿ ತೆಗೆದುಕೊಂಡು ತೊಡೆಯ ಮೇಲಿಟ್ಟು ಬರೆದ. ಚಹಾ, ಖಾಲಿ. ಪಂಪು ಯಾವುದೂ ಇಲ್ಲ. ಬಾಕಿ: ಮಹಡಿ ಕೋಣೆ.

“ಆಗಲ್ಲ ಅಂದೆಯಲ್ಲ,” ಎಂದ ರಾತ್ರಿಯಣ್ಣ.

“ಆಗಲ್ಲ ಅಂದೆ. ಕೋಣೆ ತುಂಬ್ತು ಅಂದೆನಾ? ಆಗದೆ ಇರೋ ಕೆಲಸಾನ ಹೊಡೆದುಹಾಕೋಕೆ ಬರಲ್ಲ. ಇಳಿಸ್ತಾ ಹೋಗಬೇಕು.” ‘ಕೊಟ್ಟವರು’ ಎಂಬಲ್ಲಿ ಸಹಿ ಹಾಕಿ ಪೆನ್ನು ಚಾಚಿದ.

ರಾತ್ರಿಯಣ್ಣ ಪೆನ್ನು ತೆಗೆದುಕೊಂಡ, ಸಹಿ ಹಾಕಲಿಲ್ಲ. ಕಾಗದದ ಮೇಲಿನ ಖಾಲಿ ಚೌಕವನ್ನೇ ನೋಡುತ್ತ ಕೂತ. ಹಗಲಣ್ಣ ಪೆಟ್ಟಿಗೆ ಹಿಡಿದು ನಿಂತ. ರೈಲು ಬಂದು ನಿಂತಿತು. ಜನ ಹತ್ತಿದರು.

“ಸಹಿ ಹಾಕೋ,” ಎಂದ ಹಗಲಣ್ಣ.

“ಹಾಕ್ತೀನಿ.”

“ಆರು ಎಂಟಾಯ್ತು.”

“ನನ್ನ ಹತ್ತಿರವೂ ಗಡಿಯಾರ ಇದೆ.”

ಹಗಲಣ್ಣ ನಿಂತೇ ಇದ್ದ. ಬೇರೆ ಯಾರಾದರೂ ಆಗಿದ್ದರೆ ಹತ್ತಿ ಕೂತಿರುತ್ತಿದ್ದರು. ಅವನು ಹತ್ತುವವನಲ್ಲ ಎಂಬುದು ರಾತ್ರಿಯಣ್ಣನಿಗೆ ಗೊತ್ತಿತ್ತು. ಇನ್ನೆರಡು ನಿಮಿಷ ಕೈ ಬಿಗಿಹಿಡಿದರೆ ರೈಲು ಹೋಗುತ್ತದೆ. ಆ ತುದಿಯ ಮನೆಯಲ್ಲಿ ಒಬ್ಬ ಅಕ್ಕ ಬಾಗಿಲು ನೋಡುತ್ತಿರುತ್ತಾಳೆ. ಅವನು ಒಂದು ನಿಮಿಷ ತೆಗೆದುಕೊಂಡ. ಆಮೇಲೆ ಚಹಾ ಖಾಲಿ, ಪಂಪು ಇಲ್ಲ, ಬಾಕಿ ಮಹಡಿ ಕೋಣೆ ಎಂದು ತಿರುಗಿ ಹೇಳಿ ಸಹಿ ಹಾಕಿದ. ವೇಳೆ: ೬-೦೯.

ಹಗಲಣ್ಣ ಹೊರಟ. ನಿಯಮದಂತೆ ತಿರುಗಿ ನೋಡಲಿಲ್ಲ. ರಾತ್ರಿಯಣ್ಣ ನಿಯಮ ಮುರಿದು, ರೈಲಿನ ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾಗುವ ತನಕ ನೋಡಿದ.

ಮನೆ ತಲುಪಿದ್ದು ಮಾರನೆಯ ದಿನ ಮಧ್ಯಾಹ್ನ. ಮಲಗಿ ಐದೂವರೆಗೆ ಎದ್ದ. ಮಹಡಿಗೆ ಹೋಗಿ ಕೋಣೆಯ ಕಿಟಕಿ ತೆರೆದು ಸುಣ್ಣದ ವಾಸನೆ ಹೋಗಲು ಬಿಟ್ಟ. ಅಲ್ಲಿಂದಲೇ ಏಣಿ ಹತ್ತಿ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ. ಕೆಳಗೆ ಬಂದು ಊಟದ ಮೇಜಿನ ಮೇಲೆ ರಿಜಿಸ್ಟರು ಬಿಡಿಸಿದ. ದಿನಾಂಕ ಬರೆದ. ವೇಳೆ, ಆರು. ಮಟ್ಟ, ಅರ್ಧ. ಬಾಕಿ, ಮಹಡಿ ಕೋಣೆ. ‘ಕೊಟ್ಟವರು’ ಎಂಬಲ್ಲಿ ತನ್ನ ಸಹಿ ಹಾಕಿದ. ಅದರ ಪಕ್ಕದ ಚೌಕ ಖಾಲಿ ಇತ್ತು. ಅದರಲ್ಲಿ ಸಹಿ ಬೀಳುವ ತನಕ ಜಾಗ ಬಿಡುವಂತಿಲ್ಲ. ಅವನು ಕುರ್ಚಿ ಎಳೆದುಕೊಂಡು ಕೂತ.